ಬಿರುಗಾಳಿಗೆ ಹಡಗು ತಡೆಯುತ್ತಾ? ಕೊಳದಲ್ಲೇ ನೋಡುವ ಬಗೆ

ಹಡಗು ಕಟ್ಟುವ ಮೊದಲೇ ಅದರ ಮಾದರಿ ಮಾಡಿ, ಕೊಳದಲ್ಲಿ ಅಲೆ ಎಬ್ಬಿಸಿ ನೋಡುತ್ತಾರೆ. ಮಾದರಿಯ ಲೆಕ್ಕವನ್ನು ದೊಡ್ಡ ಹಡಗಿಗೆ ಒಗ್ಗಿಸುವ ದಾರಿ ತೋರಿಸಿದವರು ಇಂಗ್ಲೆಂಡಿನ ವಿಲಿಯಂ ಫ್ರೂಡ್. ಟಾರ್ಕೀ ಊರಿನಲ್ಲಿ ಅವರ ಕೊಳ 1872ರಲ್ಲಿ ಕೆಲಸ ಶುರುಮಾಡಿತು.

ಮೊದಲು ಅಳತೆ. 180 ಮೀಟರ್ ಹಡಗನ್ನು 36ರಲ್ಲಿ ಒಂದು ಪಾಲಿಗೆ ಇಳಿಸಿದರೆ ಮಾದರಿ 5 ಮೀಟರ್. 9 ಮೀಟರ್ ಎತ್ತರದ ಅಲೆ 25 ಸೆಂಟಿಮೀಟರ್ ಆಗುತ್ತದೆ. ವೇಗ ಮತ್ತು ಸಮಯವನ್ನು ಮಾತ್ರ 36ರ ವರ್ಗಮೂಲದಿಂದ, ಅಂದರೆ 6ರಿಂದ ಭಾಗಿಸಬೇಕು. 18 ನಾಟ್ (ಹಡಗಿನ ವೇಗದ ಅಳತೆ) ವೇಗದ ಹಡಗಿನ ಮಾದರಿ 3 ನಾಟ್ ವೇಗದಲ್ಲಿ ಓಡುತ್ತದೆ. ತೂಕವನ್ನು 36ರ ಘನದಿಂದ, ಅಂದರೆ 36×36×36ರಿಂದ ಭಾಗಿಸಬೇಕು. ಕೊಳದ ಸಿಹಿನೀರು ಕಡಲ ನೀರಿಗಿಂತ ಸ್ವಲ್ಪ ಹಗುರವಾದ್ದರಿಂದ 20,000 ಟನ್ ಹಡಗಿನ ಮಾದರಿ ಸುಮಾರು 420 ಕೆಜಿ.

ಆಮೇಲೆ ತೂಕ ಹೊಂದಿಸುವುದು. ನನ್ನ ಪ್ರಕಾರ ಇಡೀ ಪರೀಕ್ಷೆ ನಿಂತಿರುವುದೇ ಇದರ ಮೇಲೆ. ಹೊರಮೈ ಎಷ್ಟೇ ನಿಖರವಾಗಿರಲಿ, ಒಳಗಿನ ಭಾರ ತಪ್ಪು ಜಾಗದಲ್ಲಿದ್ದರೆ ಅದು ಬೇರೆಯೇ ಹಡಗು. ಸಣ್ಣ ತೂಕವೊಂದನ್ನು ಮಧ್ಯದಿಂದ ಪಕ್ಕಕ್ಕೆ ಸರಿಸಿ, ಮಾದರಿ ಎಷ್ಟು ಡಿಗ್ರಿ ವಾಲಿತು ಅಂತ ಅಳೆಯುತ್ತಾರೆ. ಗುರುತ್ವ ಕೇಂದ್ರ ಎಷ್ಟು ಎತ್ತರದಲ್ಲಿದೆ ಅನ್ನುವುದು ಅದರಿಂದ ಸಿಗುತ್ತದೆ. ಬಳಿಕ ನಿಂತ ನೀರಿನಲ್ಲಿ ಒಂದು ಪಕ್ಕಕ್ಕೆ ಒತ್ತಿ ಬಿಡುತ್ತಾರೆ. ನಿಜವಾದ ಹಡಗು ಒಮ್ಮೆ ಹೊರಳಿ ಬರಲು 18 ಸೆಕೆಂಡ್ ಬೇಕಿದ್ದರೆ ಮಾದರಿಗೆ 3 ಸೆಕೆಂಡ್. ಬೇಗ ಹೊರಳಿತಾ? ತೂಕಗಳನ್ನು ಅದೇ ಎತ್ತರದಲ್ಲಿ ಇನ್ನಷ್ಟು ಅಂಚಿಗೆ ಸರಿಸಿ, ಮತ್ತೆ ಎಣಿಸಬೇಕು.

ಇನ್ನು ಅಲೆ. ಒಂದು ಬದಿಯ ಹಲಗೆಗಳನ್ನು ಯಂತ್ರ ಆಡಿಸುತ್ತದೆ. ಅಲೆ ಬಡಿದು ವಾಪಸ್ ಬಾರದಂತೆ ಎದುರಿನ ಬದಿಯಲ್ಲಿ ಇಳಿಜಾರು ಇರುತ್ತದೆ. ಮೊದಲು ಒಂದೇ ಅಳತೆಯ ಅಲೆ, ಆಮೇಲೆ ನಿಜವಾದ ಕಡಲಿನಂತೆ ಏರುಪೇರಿನ ಅಲೆ. ಎದುರಿನಿಂದ, ಪಕ್ಕದಿಂದ, ಹಿಂದಿನಿಂದ, ಎಲ್ಲ ದಿಕ್ಕೂ ಬೇಕು.

ಎದುರಿನ ಅಲೆಗೆ ಹಡಗಿನ ಮೂತಿ ಮೇಲೆ ಕೆಳಗೆ ಆಡುತ್ತದೆ ಅಷ್ಟೇ ಅಂದುಕೊಳ್ಳುತ್ತೇವೆ, ಅಲ್ವಾ? 1998ರ ಅಕ್ಟೋಬರ್‌ನಲ್ಲಿ ಉತ್ತರ ಪೆಸಿಫಿಕ್‌ನಲ್ಲಿ ಎಪಿಎಲ್ ಚೀನಾ ಎಂಬ ಕಂಟೇನರ್ ಹಡಗು ಎದುರಲೆಗೆ ಮುಖ ಕೊಟ್ಟಿದ್ದರೂ ಪಕ್ಕಕ್ಕೆ 35 ಡಿಗ್ರಿಗಿಂತ ಜಾಸ್ತಿ ಹೊರಳಿತು. ನೂರಾರು ಕಂಟೇನರ್‌ಗಳು ಸಮುದ್ರಪಾಲಾದವು. ಹಡಗು ಒಮ್ಮೆ ಹೊರಳುವಷ್ಟರಲ್ಲಿ ಎರಡು ಅಲೆ ಸಿಕ್ಕರೆ ಹೀಗಾಗಬಹುದು. ಮುಂದೆ ನೆದರ್ಲೆಂಡ್ಸ್‌ನ ಮಾರಿನ್ ಸಂಸ್ಥೆಯ ಕೊಳದಲ್ಲಿ ಅದರ ಮಾದರಿಯೂ ಹಾಗೇ ಹೊರಳಿತು. ಅಲೆಗಳು ಎಷ್ಟು ಬೇಗ ಬೇಗ ಸಿಗುತ್ತವೆ ಅನ್ನುವುದು ವೇಗದ ಮೇಲೂ ನಿಂತಿದೆ. ಅದಕ್ಕೇ ಮಾದರಿಯ ವೇಗವನ್ನು ಸ್ವಲ್ಪ ಸ್ವಲ್ಪವೇ ಬದಲಿಸಿ ಓಡಿಸಬೇಕು.

ಪ್ರತಿ ಓಟದ ನಂತರ ನೀರು ಪೂರ್ತಿ ಶಾಂತವಾಗುವವರೆಗೆ ಕಾಯಬೇಕು. ಮೂರು ಗಂಟೆಯ ಬಿರುಗಾಳಿಗೆ ಇಲ್ಲಿ ಅರ್ಧ ಗಂಟೆ ಸಾಕು. ಆದರೆ ಕೊಳ ಬೇಗ ಮುಗಿದುಬಿಡುವುದರಿಂದ ಹಲವು ಓಟಗಳನ್ನು ಜೋಡಿಸಿ ಆ ಅರ್ಧ ಗಂಟೆ ತುಂಬಿಸುತ್ತಾರೆ. ವಿಡಿಯೋ ನೋಡುವಾಗ ವೇಗವನ್ನು ಆರರಲ್ಲಿ ಒಂದು ಪಾಲಿಗೆ ಇಳಿಸಿ. ಡೆಕ್ ಮೇಲೆ ನೀರು ನುಗ್ಗುವುದು ಆಗ ನಿಜವಾದ ಹಡಗಿನ ವೇಳೆಗೆ ಸರಿಹೊಂದುತ್ತದೆ.