13ಕ್ಕೆ ಇಳಿದಿದ್ದ ಮೈಲೇಜ್ ವಾಪಸ್ ಬಂದ ಕಥೆ

ಕಲಬುರಗಿಯಿಂದ ಹುಮನಾಬಾದಿಗೆ ವಾರಕ್ಕೆ ಮೂರು ಸಲ ಹೋಗಿಬರುವವನು ನಾನು. ಹಳೇ ಪೆಟ್ರೋಲ್ ಕಾರು, ಲೀಟರಿಗೆ 17 ಕೊಡುತ್ತಿತ್ತು. ಕಳೆದ ಬೇಸಿಗೆಯಲ್ಲಿ ಟ್ಯಾಂಕ್ ಯಾಕೋ ಬೇಗ ಬೇಗ ಖಾಲಿಯಾಗತೊಡಗಿತು.

ಸುಮ್ನೆ ಅಂದಾಜು ಬೇಡ ಅಂತ ಲೆಕ್ಕ ಹಾಕಿದೆ. ಟ್ಯಾಂಕ್ ಫುಲ್ ಮಾಡಿಸಿ, ಪಂಪ್ ತಾನೇ ಕಟ್ ಆದ ಕೂಡಲೇ ನಿಲ್ಲಿಸಿ, ಕಿಲೋಮೀಟರ್ ಬರೆದುಕೊಂಡೆ. ಮುಂದಿನ ಸಲವೂ ಅದೇ ಬಂಕಿನಲ್ಲಿ ಹಾಗೇ. 403 ಕಿ.ಮೀ.ಗೆ 31 ಲೀಟರ್ ಕುಡಿದಿತ್ತು. ಬರೀ 13!

ಮೊದಲು ಏರ್ ಫಿಲ್ಟರ್ ತೆಗೆದೆ. ನೆಲಕ್ಕೆ ಕುಟ್ಟಿದರೆ ಹಿಡಿ ಎರೆಮಣ್ಣು ಉದುರಿತು. ಹೊಸದು ಹಾಕಿದ ಮೇಲೆ ಪಿಕಪ್ ಬಂತು, ಮೈಲೇಜ್ ಮಾತ್ರ ಹೆಚ್ಚೇನೂ ಏರಲಿಲ್ಲ. ಇಂಜೆಕ್ಷನ್ ಗಾಡಿಗಳಲ್ಲಿ (ಕಂಪ್ಯೂಟರೇ ಅಳೆದು ಪೆಟ್ರೋಲ್ ಬಿಡುವಂಥವು, ನನ್ನದೂ ಅದೇ) ಗಾಳಿ ಎಷ್ಟು ಬರುತ್ತೋ ಅಷ್ಟಕ್ಕೆ ತಕ್ಕ ಪೆಟ್ರೋಲನ್ನೇ ಬಿಡುತ್ತದೆ, ಅದಕ್ಕೇ. ಟೈರಿನಲ್ಲಿ ಗಾಳಿ 24 ಪಿಎಸ್‌ಐ ಇತ್ತು, ಬಾಗಿಲ ಪಕ್ಕದ ಚೀಟಿಯಲ್ಲಿ 33 ಅಂತ ಇದೆ. ಬೆಳಗ್ಗೆ ಟೈರ್ ತಣ್ಣಗಿದ್ದಾಗಲೇ ಗಾಳಿ ಹೊಡೆಸಿ. ನಮ್ಮೂರ ಮಧ್ಯಾಹ್ನದ ಬಿಸಿಲಲ್ಲಿ ಓಡಿಸಿಕೊಂಡು ಹೋಗಿ ನೋಡಿದರೆ ಜಾಸ್ತಿ ತೋರಿಸುತ್ತದೆ. 33ಕ್ಕೆ ಗಾಳಿ ಹೊಡೆಸಿದ ಮೇಲೆ ಮೈಲೇಜ್ ಸ್ವಲ್ಪ ಏರಿತು, ಆದರೂ 17 ದೂರವೇ ಇತ್ತು.

ಅಸಲಿ ಕಳ್ಳ ಸಿಕ್ಕಿದ್ದು ಕಮಲಾಪುರದಲ್ಲಿ. ಕೆಂಪು ಬಾಳೆಹಣ್ಣು ಕೊಳ್ಳಲು ನಿಲ್ಲಿಸಿ ಇಳಿದರೆ ಸುಟ್ಟ ವಾಸನೆ. ಚಕ್ರಗಳ ಹತ್ತಿರ ಒಂದೊಂದಾಗಿ ಕೈ ಒಡ್ಡಿದೆ (ಮುಟ್ಟಬೇಡಿ ಮತ್ತೆ!). ಮೂರು ಬೆಚ್ಚಗಿದ್ದವು, ಮುಂದಿನ ಎಡಗಡೆಯದು ಒಲೆ ಆಗಿತ್ತು. ಸ್ಟೇರಿಂಗ್ ಎಡಕ್ಕೆ ಎಳೆಯುತ್ತಿದ್ದದ್ದು ಆಗ ನೆನಪಾಯಿತು, ಗಾಳಿ ಕಮ್ಮಿ ಇರಬೇಕು ಅಂತ ಅಷ್ಟು ದಿನ ಸುಮ್ನಿದ್ದೆ. ಮರುದಿನ ಮಿಸ್ತ್ರಿ ಜಾಕ್ ಹಾಕಿ ಬಲಚಕ್ರ ತಿರುಗಿಸಿದರೆ ಸಲೀಸಾಗಿ ತಿರುಗಿತು, ಎಡದ್ದಕ್ಕೆ ಎರಡೂ ಕೈ ಬೇಕಾಯಿತು. "ಇಂಜಿನ್‌ಗೇನೂ ಆಗಿಲ್ರಿ ಸರ, ಬ್ರೇಕ್ ಹಿಡಕೊಂಡದ ನೋಡ್ರಿ" ಅಂದರು. ಕ್ಯಾಲಿಪರ್ (ಬ್ರೇಕ್ ಪ್ಯಾಡನ್ನು ಚಕ್ರದ ಡಿಸ್ಕಿಗೆ ಒತ್ತುವ ಭಾಗ) ಜಾರುವ ಪಿನ್ನಿನ ರಬ್ಬರ್ ಹರಿದು, ಒಳಗೆ ಧೂಳು ಸೇರಿ, ಪಿನ್ ಜಾಮ್ ಆಗಿತ್ತು. ತೊಳೆದು, ಬ್ರೇಕಿಗೆ ಹಾಕುವ ಗ್ರೀಸ್ ಸವರಿ, ರಬ್ಬರ್ ಹೊಸದು ಹಾಕಿದರು. ಇಷ್ಟು ದಿನ ನಾನು ಬ್ರೇಕ್ ಒತ್ತಿಕೊಂಡೇ ಗಾಡಿ ಓಡಿಸುತ್ತಿದ್ದೆ ಅಂದ ಹಾಗಾಯಿತು, ಅಲ್ವಾ?

ಓಡಿಸುವ ರೀತಿಯಲ್ಲಿ ಬದಲಿಸಿದ್ದು ಎರಡೇ. ಹೈವೇಯಲ್ಲಿ 100 ಬಿಟ್ಟು 80ಕ್ಕೆ ಬಂದೆ. ಹತ್ತು ನಿಮಿಷ ತಡ, ಅಷ್ಟೇ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವುದನ್ನೂ ಬಿಟ್ಟೆ. ಗೇರಿನಲ್ಲೇ ಇದ್ದು ಆಕ್ಸಿಲರೇಟರ್ ಬಿಟ್ಟರೆ ಇಂಜೆಕ್ಷನ್ ಗಾಡಿ ಪೆಟ್ರೋಲನ್ನೇ ನಿಲ್ಲಿಸುತ್ತದೆ, ನ್ಯೂಟ್ರಲ್‌ನಲ್ಲಿ ಇಂಜಿನ್ ಓಡಲು ಕುಡಿಯುತ್ತಲೇ ಇರುತ್ತದೆ. ಎಸಿ ಆಫ್ ಮಾಡಿ ಅನ್ನುವವರು ಮೇ ತಿಂಗಳಲ್ಲಿ ಒಮ್ಮೆ ಕಲಬುರಗಿಗೆ ಬರಲಿ. ನಾನಂತೂ ಮಾಡಲ್ಲ, ಬಾಗಿಲು ತೆಗೆದು ಬಿಸಿಗಾಳಿ ಹೊರಗೆ ಬಿಟ್ಟು ಆಮೇಲೆ ಹಾಕುತ್ತೇನೆ.

ಮೊನ್ನೆಯ ಲೆಕ್ಕ: 482 ಕಿ.ಮೀ.ಗೆ 28 ಲೀಟರ್, ಅಂದರೆ 17 ವಾಪಸ್ ಬಂತು. ಊರಿಂದ ತಂದ ಜೋಳದ ಚೀಲ ಇನ್ನೂ ಡಿಕ್ಕಿಯಲ್ಲೇ ಇದೆ, ಅದನ್ನು ಇಳಿಸಿ ಇನ್ನೊಮ್ಮೆ ನೋಡಬೇಕು.