ಜೇನು, ಗಾಣದೆಣ್ಣೆಯ ಗಾಜಿನ ಬಾಟಲಿಗಳ ಫೋಟೊ: ಮೂರು ಬಲ್ಬುಗಳಲ್ಲಿ ನಾನು ತೆಗೆಯುವ ಕ್ರಮ

ನನ್ನ ಬಳಿ ಸ್ಟುಡಿಯೊ ಫ್ಲ್ಯಾಶ್ ಇಲ್ಲ. ಮೂರು 9 ವ್ಯಾಟ್ ಎಲ್‌ಇಡಿ ಬಲ್ಬು, ವೈರು ಸಹಿತ ಮೂರು ಹೋಲ್ಡರು, ಎ1 ಅಳತೆಯ ಟ್ರೇಸಿಂಗ್ ಪೇಪರಿನ ಎರಡು ಹಾಳೆ, ನಾಲ್ಕೈದು ಕಪ್ಪು ಚಾರ್ಟ್, ಒಂದು ಥರ್ಮೋಕೋಲ್ ಹಲಗೆ, ಬೈಂಡರ್ ಕ್ಲಿಪ್, ಕಾಗದ ಬಿಗಿಯಲು ರೀಪಿನ ಚೌಕಟ್ಟು. ಬೆಂಗಳೂರಿನಲ್ಲಾದರೆ ಅವೆನ್ಯೂ ರಸ್ತೆ, ಎಸ್.ಪಿ. ರಸ್ತೆ ಎರಡನ್ನು ಸುತ್ತಿದರೆ ಎಲ್ಲವೂ ಸಿಗುತ್ತದೆ. ಬಾಟಲಿ ಅಲುಗಾಡುವ ವಸ್ತುವಲ್ಲ. ಟ್ರೈಪಾಡ್ ಇದ್ದರೆ ಶಟರನ್ನು ಅರ್ಧ ಸೆಕೆಂಡು ತೆರೆದಿಟ್ಟರೂ ಚಿತ್ರ ಚೂಪಾಗಿಯೇ ಬರುತ್ತದೆ, ಹಾಗಾಗಿ ಬೆಳಕು ಕಡಿಮೆ ಇರುವುದು ಇಲ್ಲಿ ಕೊರತೆಯೇ ಅಲ್ಲ.

ಜಿಪುಣತನ ಮಾಡಬಾರದ ಒಂದೇ ಸಾಮಾನು ಬಲ್ಬು. ಡಬ್ಬಿಯ ಮೇಲೆ ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) 90 ಅಥವಾ ಹೆಚ್ಚು ಎಂದು ಬರೆದಿರುವುದನ್ನೇ ಕೊಳ್ಳುತ್ತೇನೆ. ಅಗ್ಗದ ಬಲ್ಬುಗಳ ಬೆಳಕಿನಲ್ಲಿ ಕೆಂಪು ಕಡಿಮೆ, ಜೇನಿನ ಕೆಂಪು ಛಾಯೆ ಸತ್ತು ಹಸಿರು ಮಿಶ್ರಿತ ಹಳದಿ ಉಳಿಯುತ್ತದೆ. ಅದನ್ನು ಆಮೇಲೆ ಕಂಪ್ಯೂಟರಿನಲ್ಲಿ ಪೂರ್ತಿ ಸರಿಪಡಿಸಲು ಆಗುವುದಿಲ್ಲ. ಮೂರೂ ಒಂದೇ ಕಂಪನಿಯ, ಒಂದೇ ಬಣ್ಣದ ಬಲ್ಬುಗಳಾಗಿರಬೇಕು. ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಕಿಟಕಿಗೆ ಪರದೆ ಎಳೆದೇ ಕೆಲಸ ಶುರು.

ಮೊದಮೊದಲು ಎಲ್ಲರೂ ಮಾಡುವುದು ಬಾಟಲಿಯ ಮುಂದೆ ಬಲ್ಬು ಇಡುವುದು. ನೇರವಾಗಿ ಬಿದ್ದ ಬೆಳಕಿನಲ್ಲಿ ಗಾಜಿನ ಒಂದು ಮೈ ಹಿಂದಿರುಗಿಸುವುದು ಶೇ. 4ರಷ್ಟು ಮಾತ್ರ, ಉಳಿದದ್ದು ಒಳಗೆ ಹಾದುಹೋಗುತ್ತದೆ. ಆದ್ದರಿಂದ ಮುಂದಿನ ಬಲ್ಬು ಗಾಜಿನ ಮೇಲೆ ಒಂದು ಬಿಳಿ ಚುಕ್ಕೆಯಾಗಿ ಕಾಣುತ್ತದೆಯೇ ಹೊರತು ಬಾಟಲಿಯ ಆಕಾರವನ್ನು ತೋರಿಸುವುದಿಲ್ಲ. ಆಕಾರ ತೋರಿಸುವುದು ಹಿಂದಿನ ಬೆಳಕು, ಅದರ ಅಕ್ಕಪಕ್ಕದ ಕಪ್ಪು.

ನನ್ನ ಅಳತೆಗಳು ಹೀಗಿವೆ. ಕ್ಯಾಮೆರಾಗೆ 18–55 ಮಿ.ಮೀ. ಲೆನ್ಸ್, ಅದನ್ನು 55ಕ್ಕೆ ಇಟ್ಟು ಕ್ಯಾಮೆರಾವನ್ನು ನಿಲುವಾಗಿ ತಿರುಗಿಸಿ, ಬಾಟಲಿಯಿಂದ 1 ಮೀಟರ್ ದೂರದಲ್ಲಿ, ಬಾಟಲಿಯ ನಡುಮಟ್ಟಕ್ಕೆ ನಿಲ್ಲಿಸುತ್ತೇನೆ. ಎಪಿಎಸ್‌ಸಿ ಎಂಬ ಅಳತೆಯ ಸಂವೇದಕದಲ್ಲಿ (ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕ) ಆ ದೂರಕ್ಕೆ ಸುಮಾರು 40 ಸೆಂ.ಮೀ. ಎತ್ತರ, 27 ಸೆಂ.ಮೀ. ಅಗಲ ಕಾಣುತ್ತದೆ. ಬಾಟಲಿಯ ಹಿಂದೆ 45 ಸೆಂ.ಮೀ.ಗೆ ಟ್ರೇಸಿಂಗ್ ಪೇಪರ್. ಅಲ್ಲಿ ಕ್ಯಾಮೆರಾ ನೋಡುವ ಜಾಗ ಅದೇ ಲೆಕ್ಕದಲ್ಲಿ 1.45 ಪಟ್ಟು ಹಿಗ್ಗಿ 58ಕ್ಕೆ 39 ಸೆಂ.ಮೀ. ಆಗುತ್ತದೆ. ಕಪ್ಪು ಚಾರ್ಟುಗಳನ್ನು ಪೇಪರಿನ ಮುಂದೆ ಕ್ಲಿಪ್ ಹಾಕಿ ನಡುವೆ 60ಕ್ಕೆ 40 ಸೆಂ.ಮೀ. ಕಿಂಡಿಯಷ್ಟೇ ಬಿಡುತ್ತೇನೆ. ಪೇಪರಿನ ಹಿಂದೆ 50 ಸೆಂ.ಮೀ. ದೂರದಲ್ಲಿ ಎರಡು ಬಲ್ಬು, ಒಂದು ಮೇಲೆ, ಒಂದು ಕೆಳಗೆ. ಇನ್ನೂ ಹತ್ತಿರ ತಂದರೆ ಕಾಗದದ ಮೇಲೆ ಎರಡು ಪ್ರಕಾಶದ ಉಂಡೆಗಳು ಕಾಣುತ್ತವೆ. ಹಾಗೆ ಕಂಡರೆ ಎರಡನೇ ಹಾಳೆಯನ್ನು ಮೊದಲನೆಯದರಿಂದ ಒಂದು ಗೇಣು ಹಿಂದೆ ಕಟ್ಟುತ್ತೇನೆ.

ಈ ಕಿಂಡಿಯ ಅಳತೆಯೇ ಇಡೀ ಕೆಲಸದ ಜೀವ. ಬಾಟಲಿಯ ನಡುಭಾಗ ಹಿಂದಿನದನ್ನು ನೇರವಾಗಿ ತೋರಿಸಿದರೆ, ಅಂಚು ಬೆಳಕನ್ನು ಓರೆಗೆ ಬಗ್ಗಿಸಿ ಪಕ್ಕದಲ್ಲಿರುವುದನ್ನು ತೋರಿಸುತ್ತದೆ. ಪಕ್ಕದಲ್ಲಿ ಕಪ್ಪು ಇದ್ದರೆ ಅಂಚಿಗೆ ಕಾಡಿಗೆ ಎಳೆದಂತೆ ಗೆರೆ ಮೂಡುತ್ತದೆ. ಬಿಳಿ ಹಾಳೆ ಗೋಡೆಯಗಲ ಹರಡಿದ್ದರೆ ಅಂಚೂ ಬಿಳಿಯಾಗಿ, ಬಾಟಲಿ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ಗೆರೆ ದಪ್ಪ ಬೇಕಾದರೆ ಬಾಟಲಿಯನ್ನು ಕಾಗದದಿಂದ ದೂರ ಸರಿಸಬೇಕು, ತೆಳು ಬೇಕಾದರೆ ಹತ್ತಿರ.

ತುಂಬಿದ ಬಾಟಲಿಯ ನಡತೆಯೇ ಬೇರೆ, ಇದು ತಿಳಿಯದೆ ಹಲವರು ಬಲ್ಬನ್ನು ದೂರುತ್ತಾರೆ. ಖಾಲಿ ಬಾಟಲಿಯಲ್ಲಿ ಬೆಳಕು ಬಗ್ಗುವುದು ಗೋಡೆಯ ದಪ್ಪದಲ್ಲಿ ಮಾತ್ರ. ಎಣ್ಣೆ ತುಂಬಿದ ಕೂಡಲೇ ದುಂಡು ಬಾಟಲಿ ಇಡಿಯಾಗಿ ಒಂದು ಮಸೂರ. ನೀರಿನ ವಕ್ರೀಭವನಾಂಕ (ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಎಂಬ ಅಳತೆ) 1.33, ಎಳ್ಳೆಣ್ಣೆಯದು 1.47ರ ಸುಮಾರು, ಜೇನಿನದು 1.49ರ ಆಸುಪಾಸು, ಅಂದರೆ ಹೆಚ್ಚುಕಡಿಮೆ ಗಾಜಿನಷ್ಟೇ. ಆಗ ಬಾಟಲಿ ಹಿಂದಿನ ದೃಶ್ಯವನ್ನು ಎಡಬಲ ಮಗುಚಿ, ಇನ್ನೂ ಅಗಲಕ್ಕೆ ನೋಡುತ್ತದೆ. ಖಾಲಿ ಬಾಟಲಿಗೆ ಸರಿಹೋದ ಕಿಂಡಿಯಲ್ಲಿ ಜೇನಿನ ಬಾಟಲಿ ಇಟ್ಟರೆ ಎರಡೂ ಬದಿ ಕಪ್ಪು ನುಂಗಿ, ನಡುವೆ ಒಂದು ಸಣ್ಣ ಚಿನ್ನದ ಪಟ್ಟಿ ಮಾತ್ರ ಉಳಿಯುತ್ತದೆ. ಅದಕ್ಕೇ ತುಂಬಿದ ಬಾಟಲಿಯನ್ನು ಕಾಗದದಿಂದ 25 ಸೆಂ.ಮೀ.ಗೆ ತರುತ್ತೇನೆ, ಕಿಂಡಿ ಅದೇ.

ಗಾಢ ಜೇನಿಗೆ ಅಷ್ಟೂ ಸಾಲುವುದಿಲ್ಲ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ಮುದುರಿ ಬಿಡಿಸಿ ರಟ್ಟಿಗೆ ಅಂಟಿಸುತ್ತೇನೆ. ಅದನ್ನು ಬಾಟಲಿಯ ಆಕಾರಕ್ಕೆ, ಎಲ್ಲ ಕಡೆಯೂ ಒಂದು ಸೆಂ.ಮೀ. ಚಿಕ್ಕದಾಗಿ ಕತ್ತರಿಸಿ, ಬಾಟಲಿಯ ಬೆನ್ನಿಗೆ ಸ್ವಲ್ಪ ವಾಲಿಸಿ ನಿಲ್ಲಿಸಿ, ಮೂರನೇ ಬಲ್ಬಿನ ಬೆಳಕನ್ನು ಮೇಲಿನಿಂದ ಅದಕ್ಕೆ ಬೀಳಿಸಿದರೆ ಜೇನು ಒಳಗಿನಿಂದಲೇ ಉರಿಯುವಂತೆ ಕಾಣುತ್ತದೆ. ರಟ್ಟಿನ ಅಂಚು ಗಾಜಿನಾಚೆ ಇಣುಕಿದರೆ ಇನ್ನಷ್ಟು ಕತ್ತರಿಸಬೇಕು.

ಲೇಬಲ್ ಇದ್ದರೆ ಹಿಂದಿನ ಬೆಳಕಿಗೆ ಅದು ಬರೀ ಕಪ್ಪು ಚೌಕ. ಮುಂದಿನ ಬದಿಯಿಂದ, 45 ಡಿಗ್ರಿ ಓರೆಯಲ್ಲಿ, 30 ಸೆಂ.ಮೀ. ಅಗಲ, 60 ಸೆಂ.ಮೀ. ಎತ್ತರದ ಟ್ರೇಸಿಂಗ್ ಪೇಪರಿನ ಪಟ್ಟಿ ನಿಲ್ಲಿಸಿ ಅದರ ಹಿಂದೆ ಮೂರನೇ ಬಲ್ಬು ಇಡುತ್ತೇನೆ; ಎದುರು ಬದಿಗೆ ಥರ್ಮೋಕೋಲ್. ಗಾಜಿನ ಮೇಲೆ ಆಗ ಒಂದೇ ಒಂದು ಉದ್ದನೆಯ ಮೃದು ಹೊಳಪು ಬೀಳುತ್ತದೆ. ಪಟ್ಟಿ ಬಾಟಲಿಗಿಂತ ಗಿಡ್ಡವಾದರೆ ಹೊಳಪು ಹೆಗಲ ಹತ್ತಿರ ತುಂಡಾಗಿ ನಿಲ್ಲುತ್ತದೆ, ನೋಡಲು ಅಸಹ್ಯ. ಬಲ್ಬನ್ನು ಪಟ್ಟಿಯ ಒಂದು ಅಂಚಿನ ಕಡೆಗೆ ಸರಿಸಿದರೆ ಹೊಳಪು ಒಂದು ಬದಿಯಿಂದ ಇನ್ನೊಂದಕ್ಕೆ ಮೆಲ್ಲಗೆ ಮಾಸುತ್ತಾ ಹೋಗುತ್ತದೆ. ನಾನು ಎರಡು ಚಿತ್ರ ತೆಗೆಯುತ್ತೇನೆ: ಹಿಂದಿನ ಬಲ್ಬುಗಳು ಮಾತ್ರ ಉರಿದದ್ದು ಒಂದು, ಮುಂದಿನದು ಮಾತ್ರ ಉರಿದದ್ದು ಇನ್ನೊಂದು. ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಎರಡನೆಯದರಿಂದ ಲೇಬಲನ್ನೂ ಬೇಕಾದಷ್ಟು ಹೊಳಪನ್ನೂ ಮಾಸ್ಕ್ ಮಾಡಿ (ಉಳಿದದ್ದನ್ನು ಮರೆಮಾಡಿ) ಸೇರಿಸುತ್ತೇನೆ. ಸ್ವಿಚ್ ಹಾಕುವಾಗ ಮೇಜು ತಾಗಿದರೂ ಎರಡು ಚಿತ್ರ ಕೂಡುವುದಿಲ್ಲ, ಆದ್ದರಿಂದ ಸ್ವಿಚ್ ಬೋರ್ಡ್ ನೆಲದ ಮೇಲಿರಲಿ.

ಸೆಟ್ಟಿಂಗ್ ಹೆಚ್ಚೇನಿಲ್ಲ. ಎಫ್/11, ಐಎಸ್‌ಒ 100, ಕೈಯಲ್ಲಿ ಫೋಕಸ್, 2 ಸೆಕೆಂಡಿನ ಟೈಮರ್. ನಮ್ಮ ಕರೆಂಟು 50 ಹರ್ಟ್ಜ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಶಟರ್ 1/25 ಸೆಕೆಂಡಿಗಿಂತ ನಿಧಾನವಿದ್ದರೆ ಅಡ್ಡಪಟ್ಟೆ ಬರುವುದಿಲ್ಲ. ಮೊಬೈಲಿನಲ್ಲಾದರೆ ಪ್ರೊ ಮೋಡ್‌ನಲ್ಲಿ, ಮಿನುಗಿನ ಲಯಕ್ಕೆ ಸರಿಹೊಂದುವ 1/50 ಅಥವಾ 1/100 ಹಿಡಿಯಿರಿ. ಚಿತ್ರದಲ್ಲಿ ಕಪ್ಪು 0, ಅಚ್ಚ ಬಿಳಿ 255 ಎಂಬ ಲೆಕ್ಕದಲ್ಲಿ, ಹಿನ್ನೆಲೆಯ ಬಿಳಿ 255ಕ್ಕೆ ಮುಟ್ಟದೆ 240–245ರಲ್ಲಿ ನಿಲ್ಲಬೇಕು. ಅತಿಯಾದ ಬೆಳಕು ಲೆನ್ಸಿನೊಳಗೆ ಚದುರಿ, ಅಷ್ಟು ಕಷ್ಟಪಟ್ಟು ಮೂಡಿಸಿದ ಕಪ್ಪು ಗೆರೆಯನ್ನೇ ತಿಂದುಹಾಕುತ್ತದೆ.

ಖಾಲಿ ಬಾಟಲಿಗೆ ಕಪ್ಪು ಹಿನ್ನೆಲೆ ಕೇಳಿದರೆ ಇದೇ ಸಾಮಾನನ್ನು ಮಗುಚಿದರಾಯಿತು. ಸುತ್ತಲಿನ ಚಾರ್ಟ್ ತೆಗೆದು, ಕಿಂಡಿ ಇದ್ದ ಜಾಗದಲ್ಲಿ 60ಕ್ಕೆ 40ರ ಕಪ್ಪು ಚಾರ್ಟ್ ಅಂಟಿಸುತ್ತೇನೆ. ಎ1 ಹಾಳೆ ಸುಮಾರು 84ಕ್ಕೆ 59, ಹಾಗಾಗಿ ಬದಿಗಳಲ್ಲಿ 9–10, ಮೇಲೆ ಕೆಳಗೆ 12 ಸೆಂ.ಮೀ. ಬೆಳಕು ಉಳಿಯುತ್ತದೆ. ಬಾಟಲಿಯ ಅಂಚೆಲ್ಲ ಬೆಳ್ಳಿಯ ಗೆರೆಯಾಗುತ್ತದೆ. ಎಣ್ಣೆ, ಜೇನಿಗೆ ಇದು ಬೇಡ, ಬಣ್ಣವೇ ಕಾಣುವುದಿಲ್ಲ.

ಕಪ್ಪು ಹಿನ್ನೆಲೆಯಲ್ಲಿ ಪ್ರತಿ ಧೂಳಿನ ಕಣವೂ ನಕ್ಷತ್ರದಂತೆ ಹೊಳೆಯುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಆಮೇಲೆ ಹತ್ತಿಯ ಕೈಗವಸು ಹಾಕಿಯೇ ಮುಟ್ಟುತ್ತೇನೆ. ಲೇಬಲ್ಲಿನ ಅಂಟು ತೆಗೆಯಲು ಸೀಮೆಎಣ್ಣೆ ಬಳಸಿದ್ದರೆ ಅದರ ಜಿಡ್ಡಿನ ಪೊರೆ ಉಳಿದಿರುತ್ತದೆ, ಸೋಪಿನ ನೀರಿನಲ್ಲಿ ತೊಳೆದ ಮೇಲೆಯೇ ಆಲ್ಕೋಹಾಲು. ಜೇನಿನಲ್ಲಿ ಗುಳ್ಳೆಗಳಿದ್ದರೆ ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿ ರಾತ್ರಿ ಹಾಗೇ ಬಿಡುತ್ತೇನೆ. ಬೆಳಿಗ್ಗೆ ಮೇಲೆ ಕಟ್ಟಿದ ನೊರೆಯನ್ನು ಚಮಚದಲ್ಲಿ ತೆಗೆದು, ಕತ್ತಿನ ಮಟ್ಟಕ್ಕೆ ಮತ್ತೆ ತುಂಬಿ, ಮುಚ್ಚಳ ಹಾಕುತ್ತೇನೆ.