ಎರಡು ಬಾಗಿಲಿನ ಕಾರು: ಹಿಂದಿನ ಜಾಗವನ್ನು ಪರೀಕ್ಷಿಸುವುದು, ಮೋಟಾರಿನಿಂದ ಸರಿಯುವ ಮುಂದಿನ ಸೀಟನ್ನು ಬಳಸುವುದು ಹೇಗೆ?

ಎರಡು ಬಾಗಿಲಿನ ಕಾರಿನಲ್ಲಿ ಹಿಂದೆ ಕೂರುವವರಿಗೆ ತಮ್ಮದೇ ಆದ ಬಾಗಿಲಿರುವುದಿಲ್ಲ. ಹಿಂಬದಿಯ ಪಕ್ಕದ ಗಾಜು ಕೂಡ ಅನೇಕ ಕೂಪೆಗಳಲ್ಲಿ (ಇಳಿಜಾರು ಚಾವಣಿಯ ಎರಡು ಬಾಗಿಲಿನ ಕಾರುಗಳಲ್ಲಿ) ತೆರೆಯುವುದಿಲ್ಲ. ಒಳಗೆ ಹೋಗಬೇಕಾದರೂ ಹೊರಗೆ ಬರಬೇಕಾದರೂ ಮುಂದಿನ ಸೀಟು ಮಡಚಿಕೊಂಡು ಮುಂದಕ್ಕೆ ಸರಿದು ದಾರಿ ಬಿಡಬೇಕು. ಆದ್ದರಿಂದ ಇಂಥ ಕಾರನ್ನು ಆರಿಸುವಾಗ, ಹಿಂದೆ ಕಾಲಿಡಲು ಎಷ್ಟು ಜಾಗವಿದೆ ಎಂಬ ಅಂಕಿಗಿಂತ ಮೊದಲು ಮುಂದಿನ ಸೀಟು ಹೇಗೆ ಸರಿಯುತ್ತದೆ ಮತ್ತು ಸರಿದ ಮೇಲೆ ಎಲ್ಲಿಗೆ ಮರಳುತ್ತದೆ ಎಂಬುದನ್ನು ನೋಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಂಕಿಗಳನ್ನು ಪೂರ್ತಿ ನಂಬಲಾಗದಿರುವುದಕ್ಕೆ ಕಾರಣವಿದೆ. ಹಿಂದಿನ ಕಾಲಿನ ಜಾಗವನ್ನು ಅಳೆಯುವಾಗ ಮುಂದಿನ ಸೀಟನ್ನು ನಿಗದಿಯಾದ ಒಂದು ಸ್ಥಾನದಲ್ಲಿ ಇಟ್ಟಿರುತ್ತಾರೆ. ನೀವು ಕಾರು ಓಡಿಸುವಾಗ ಸೀಟು ಅದೇ ಸ್ಥಾನದಲ್ಲಿ ಇರುತ್ತದೆ ಎಂದೇನೂ ಇಲ್ಲ. ಕಾರುಗಳ ವರ್ಗೀಕರಣವೂ ಹೆಚ್ಚು ನೆರವಾಗುವುದಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಪ್ರಯಾಣಿಕರ ಜಾಗವನ್ನೂ ಸಾಮಾನಿನ ಜಾಗವನ್ನೂ ಕೂಡಿಸಿ, ಮೊತ್ತ 85 ಘನ ಅಡಿಗಿಂತ ಕಡಿಮೆಯಿದ್ದರೆ ಆ ಕಾರನ್ನು ಮಿನಿಕಾಂಪ್ಯಾಕ್ಟ್ ಎಂದು ಕರೆಯುತ್ತದೆ. ಆ ಮೊತ್ತದಲ್ಲಿ ಹಿಂದೆ ಕೂರುವವರ ಪಾಲು ಎಷ್ಟು ಎಂಬುದು ವರ್ಗದ ಹೆಸರಿನಿಂದ ತಿಳಿಯುವುದಿಲ್ಲ. ಪೋರ್ಶೆ 911ರ ಹಿಂದಿನ ಪುಟ್ಟ ಆಸನಗಳಿಗೂ ಮೂವರಿಗೆ ಬೆಲ್ಟ್ ಇರುವ ಡಾಡ್ಜ್ ಚಾಲೆಂಜರ್‌ನ ಹಿಂದಿನ ಸೀಟಿಗೂ ಅಜಗಜಾಂತರವಿದೆ. ಆದರೂ ಬಾಗಿಲುಗಳನ್ನು ಎಣಿಸಿದರೆ ಎರಡೂ ಒಂದೇ.

ಪರೀಕ್ಷೆಯನ್ನು ಹೀಗೆ ಮಾಡಿ. ಮೊದಲು ಚಾಲಕರ ಸೀಟಿನಲ್ಲಿ ಕುಳಿತು, ನೀವು ನಿಜವಾಗಿ ಓಡಿಸುವಂತೆ ಸೀಟಿನ ದೂರ, ಎತ್ತರ ಮತ್ತು ಬೆನ್ನಿನ ಓರೆಯನ್ನು ಹೊಂದಿಸಿಕೊಂಡು, ಮೆಮೊರಿ ಬಟನ್ ಇದ್ದರೆ ಆ ಸ್ಥಾನವನ್ನು ಉಳಿಸಿ. ಬಳಿಕ ಇಳಿದು, ಸೀಟನ್ನು ಮಡಚಿ, ನಿಮ್ಮ ಸೀಟಿನ ಹಿಂದೆ ನೀವೇ ಹೋಗಿ ಕುಳಿತು, ಸೀಟು ಮೊದಲಿನ ಜಾಗಕ್ಕೆ ಮರಳುವವರೆಗೆ ಕಾಯಿರಿ. ಮಂಡಿ ಸೀಟಿನ ಬೆನ್ನಿಗೆ ತಾಗುತ್ತದೆಯೇ, ಪಾದ ಸೀಟಿನ ಕೆಳಗೆ ಹೋಗುತ್ತದೆಯೇ, ತಲೆ ಇಳಿಜಾರಾದ ಚಾವಣಿಗೋ ಹಿಂದಿನ ಗಾಜಿಗೋ ತಗಲುತ್ತದೆಯೇ ಎಂದು ಗಮನಿಸಿ. ಸೀಟನ್ನು ಸರಿಸುವ ಮೋಟಾರುಗಳೂ ಅವುಗಳ ವೈರುಗಳೂ ಸೀಟಿನ ಕೆಳಗೇ ಇರುವುದರಿಂದ ಎಷ್ಟೋ ಸಲ ಮಂಡಿಗೆ ಇರುವ ಜಾಗ ಪಾದಕ್ಕೆ ಇರುವುದಿಲ್ಲ. ಇಲ್ಲಿ ಒಂದು ಉಪಾಯವಿದೆ: ಮುಂದಿನ ಸೀಟನ್ನು ಒಂದಿಷ್ಟು ಮೇಲಕ್ಕೆ ಏರಿಸಿದರೆ ಅದರ ಅಡಿಯಲ್ಲಿ ಸಂದು ತೆರೆದುಕೊಂಡು ಪಾದ ಮುಂದಕ್ಕೆ ಚಾಚುತ್ತದೆ, ಅದರಿಂದ ಮಂಡಿಯ ಮಡಿಕೆಯೂ ಸಡಿಲವಾಗುತ್ತದೆ. ಮುಂದೆ ಕುಳಿತವರ ತಲೆಗೆ ಸಾಕಷ್ಟು ಜಾಗ ಉಳಿಯುವವರೆಗೆ ಮಾತ್ರ ಹೀಗೆ ಮಾಡಬಹುದು. ಒಂದೆರಡು ನಿಮಿಷಕ್ಕೆ ಎದ್ದುಬಿಡದೆ, ಸ್ವಲ್ಪ ಹೊತ್ತು ಅಲ್ಲೇ ಕುಳಿತಿದ್ದು, ಆಮೇಲೆ ಯಾರ ನೆರವೂ ಇಲ್ಲದೆ ಹೊರಗೆ ಬನ್ನಿ. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟವೆಂಬುದು ಆಗ ಗೊತ್ತಾಗುತ್ತದೆ.

ಇದನ್ನೇ ಬಾಗಿಲನ್ನು ಅರ್ಧ ಮಾತ್ರ ತೆರೆದು ಇನ್ನೊಮ್ಮೆ ಮಾಡಿ. ಎರಡು ಬಾಗಿಲಿನ ಕಾರಿನ ಬಾಗಿಲು ಉದ್ದವಾಗಿರುವುದರಿಂದ, ಇಕ್ಕಟ್ಟಾದ ನಿಲುಗಡೆಯಲ್ಲಿ ಅದು ಪೂರ್ತಿ ತೆರೆಯುವುದಿಲ್ಲ. ಶೋರೂಮಿನ ವಿಶಾಲವಾದ ಜಾಗದಲ್ಲಿ ಈ ತೊಂದರೆ ಕಾಣುವುದೇ ಇಲ್ಲ.

ಇನ್ನು ಮೋಟಾರಿನ ವಿಷಯ. ಕೈಯಿಂದ ಸರಿಸುವ ಸೀಟಿನಲ್ಲಿ ಹೆಗಲ ಬಳಿಯ ಲಿವರ್ ಎತ್ತಿ ತಳ್ಳಿದರೆ ಬೆನ್ನು ಬಾಗುತ್ತದೆ, ಸೀಟು ಹಳಿಯ ಮೇಲೆ ಮುಂದಕ್ಕೆ ಜಾರುತ್ತದೆ. ಎಲ್ಲವೂ ಕ್ಷಣದಲ್ಲಿ ಮುಗಿಯುತ್ತದೆ. ಮೋಟಾರಿನ ಸೀಟಿನಲ್ಲಿ ಬೆನ್ನನ್ನು ಸಾಮಾನ್ಯವಾಗಿ ಕೈಯಿಂದಲೇ ಬಾಗಿಸಬೇಕು, ಆಮೇಲೆ ಮೋಟಾರು ಸೀಟನ್ನು ನಿಧಾನವಾಗಿ ಮುಂದಕ್ಕೆ ಒಯ್ಯುತ್ತದೆ. ಮಳೆಯಲ್ಲಿ ನಿಂತು ಕಾಯುವವರಿಗೆ ಆ ಕೆಲವು ಸೆಕೆಂಡುಗಳೇ ದೀರ್ಘವೆನಿಸುತ್ತವೆ. ಕೆಲವು ಕಾರುಗಳಲ್ಲಿ ಹೆಗಲ ಮೇಲಿನ ಬಟನ್ನನ್ನು ಒತ್ತಿ ಹಿಡಿದೇ ಇರಬೇಕು, ಕೆಲವುಗಳಲ್ಲಿ ಸೀಟು ತಾನಾಗಿಯೇ ಹೋಗಿ ತಾನಾಗಿಯೇ ಮರಳುತ್ತದೆ. ಈ ಅನುಕೂಲ ಎರಡೂ ಬದಿಗಳಲ್ಲಿ ಇದೆಯೇ, ಮರಳುವಾಗ ಬೆನ್ನಿನ ಓರೆಯೂ ಮೊದಲಿನಂತೆಯೇ ನಿಲ್ಲುತ್ತದೆಯೇ ಎಂದು ಎರಡು ಕಡೆಯೂ ಪರೀಕ್ಷಿಸಿ. ಸೀಟು ಹಿಂದಕ್ಕೆ ಬರುವಾಗ ಹಿಂದೆ ಕುಳಿತವರು ಪಾದಗಳನ್ನು ಒಳಕ್ಕೆ ಎಳೆದುಕೊಂಡಿರಬೇಕು. ಅಡ್ಡ ಸಿಕ್ಕರೆ ನಿಲ್ಲುವ ವ್ಯವಸ್ಥೆ ಇದ್ದರೂ ಅದನ್ನೇ ನಂಬಿ ಕೂರುವುದು ಸರಿಯಲ್ಲ.

ಹೆಚ್ಚಿನವರು ಗಮನಿಸದ ಅಪಾಯವೊಂದಿದೆ. ಎಂಜಿನ್ ನಿಲ್ಲಿಸಿದ ಕೂಡಲೇ ಚಾಲಕರು ಸಲೀಸಾಗಿ ಇಳಿಯಲೆಂದು ಚಾಲಕರ ಸೀಟು ತಾನಾಗಿ ಹಿಂದಕ್ಕೆ ಸರಿಯುವ ಸೌಲಭ್ಯ ಹಲವು ಕಾರುಗಳಲ್ಲಿದೆ. ಹಿಂದೆ ಯಾರೂ ಇಲ್ಲದಿದ್ದರೆ ಅದು ಒಳ್ಳೆಯದೇ. ಆದರೆ ಹಿಂದೆ ಮಗುವೋ ಹಿರಿಯರೋ ಕುಳಿತಿದ್ದರೆ ಸೀಟು ನೇರವಾಗಿ ಅವರ ಮಂಡಿಯ ಮೇಲೆ ಬರಬಹುದು. ಹಿಂದೆ ಜನರನ್ನು ಕೂರಿಸುವ ಅಭ್ಯಾಸವಿದ್ದರೆ ಕಾರಿನ ಸೆಟ್ಟಿಂಗ್‌ನಲ್ಲಿ ಇದನ್ನು ಮೊದಲ ದಿನವೇ ಆಫ್ ಮಾಡಿಬಿಡಿ.

ಹತ್ತುವಾಗ ಕಾಲಿಗೆ ತೊಡರುವುದು ಮುಂದಿನ ಸೀಟಿನ ಬೆಲ್ಟ್. ಅದು ದಾರಿಗೆ ಅಡ್ಡವಾಗಿ ಇಳಿಬಿದ್ದಿರುತ್ತದೆ. ಸೀಟಿನ ಹೆಗಲಲ್ಲಿ ಬೆಲ್ಟ್ ಹಾದುಹೋಗುವ ಕೊಂಡಿಯಿದ್ದರೆ, ಮೊದಲು ಅದರಿಂದ ಬೆಲ್ಟ್ ಬಿಡಿಸಿ ಪಕ್ಕಕ್ಕೆ ಸರಿಸಿ, ಆಮೇಲೆ ಹಿಂದಿನವರನ್ನು ಹತ್ತಿಸಿ. ಮರ್ಸಿಡಿಸ್ ಇ-ಕ್ಲಾಸ್ ಕೂಪೆಯಂಥ ಕಾರುಗಳಲ್ಲಿ ಬೆಲ್ಟನ್ನು ಮುಂದಕ್ಕೆ ಚಾಚಿ ಕೊಡುವ ಪುಟ್ಟ ತೋಳೊಂದಿದೆ. ಉದ್ದ ಬಾಗಿಲಿನಿಂದಾಗಿ ಬೆಲ್ಟ್ ಬಹಳ ಹಿಂದೆ ಉಳಿಯುವ ತೊಂದರೆಗೆ ಅದು ನಿಜವಾದ ಪರಿಹಾರ.

ಮಗುವಿನ ಸೀಟು ಕೂರಿಸುವುದಾದರೆ ಅದನ್ನೇ ಶೋರೂಮಿಗೆ ಒಯ್ಯಿರಿ. ಮಕ್ಕಳ ಸೀಟುಗಳಿಗೆ ಸಂಬಂಧಿಸಿದ ವಿಶ್ವಸಂಸ್ಥೆಯ ಆರ್129 ನಿಯಮದ ಪ್ರಕಾರ ಕನಿಷ್ಠ 15 ತಿಂಗಳವರೆಗೆ ಮಗು ಹಿಮ್ಮುಖವಾಗಿಯೇ ಕೂರಬೇಕು, ಮತ್ತು ಹಿಮ್ಮುಖದ ಸೀಟು ಉದ್ದಕ್ಕೆ ಹೆಚ್ಚು ಜಾಗ ಬೇಡುತ್ತದೆ. ಅದನ್ನು ಕಟ್ಟಿದ ಮೇಲೆ ಮುಂದೆ ವಯಸ್ಕರೊಬ್ಬರು ಕೂರಲು ಸಾಧ್ಯವೇ, ಬಾಗಿದ ಸೀಟಿನ ಸಂದಿನಿಂದ ಮಗುವನ್ನು ಎತ್ತಿ ಒಳಗಿಡಲು ನಿಮ್ಮ ಸೊಂಟ ಒಪ್ಪುತ್ತದೆಯೇ ಎಂಬುದು ಅಲ್ಲೇ ಖಚಿತವಾಗಲಿ.

ಕೊನೆಯದಾಗಿ, ಬ್ಯಾಟರಿ ಖಾಲಿಯಾದರೆ ಏನಾಗುತ್ತದೆ ಎಂದು ಕೇಳಿ ತಿಳಿಯಿರಿ. ಮೋಟಾರು ಓಡದಿದ್ದರೂ ಬೆನ್ನು ಬಾಗುವ ಲಿವರ್ ಯಾಂತ್ರಿಕವಾಗಿದ್ದರೆ ಕಿರಿದಾದ ದಾರಿಯಾದರೂ ಸಿಗುತ್ತದೆ. ಹಿಂದೆ ಕುಳಿತವರ ಕೈಗೆ ಆ ಲಿವರ್ ಎಟುಕುತ್ತದೆಯೇ ಎಂದು ಅಲ್ಲಿ ಕುಳಿತೇ ನೋಡಿ, ಅದನ್ನು ಎಳೆಯುವ ಬಗೆಯನ್ನು ಮಕ್ಕಳಿಗೂ ಕಲಿಸಿ. ಸೀಟಿನ ಕೆಳಗೆ ನೀರಿನ ಬಾಟಲಿ, ಚಪ್ಪಲಿ, ಕೊಡೆ ಇಡಬೇಡಿ; ಅವು ಹಳಿಗೆ ಸಿಕ್ಕಿಕೊಂಡು ಮೋಟಾರಿಗೆ ಅಡ್ಡಿಯಾಗುತ್ತವೆ. ಬ್ಯಾಟರಿ ಬದಲಿಸಿದ ಮೇಲೆ ಸೀಟು ತನ್ನ ಜಾಗಕ್ಕೆ ಮರಳದೆ ನಡುವೆಯೇ ನಿಂತರೆ ಕೆಟ್ಟಿತೆಂದು ಗಾಬರಿಯಾಗಬೇಡಿ. ಕೆಲವು ಕಾರುಗಳಲ್ಲಿ ಸೀಟನ್ನು ಒಮ್ಮೆ ಪೂರ್ತಿ ಮುಂದಕ್ಕೂ ಪೂರ್ತಿ ಹಿಂದಕ್ಕೂ ಓಡಿಸಿ ಅದರ ಎರಡು ತುದಿಗಳನ್ನು ಮತ್ತೆ ಗುರುತಿಸಿಕೊಡಬೇಕಾಗುತ್ತದೆ. ಅದರ ಕ್ರಮ ಕಾರಿನ ಜೊತೆ ಬಂದ ಕೈಪಿಡಿಯಲ್ಲಿರುತ್ತದೆ.